ಹೊಸ್ತಿಲಾಚೆಯ ಉಣ್ಣೆಬೂಟು

ಬೇಸಿಗೆಯಲ್ಲೇ ಗೆದ್ದುಬಿಡುತ್ತೇವೆಂದು ತೆಳು ಬೂಟಿನಲ್ಲಿ ಬಂದಿದ್ದ ಜರ್ಮನ್ನರು, ಆ ಚಳಿಗಾಲ ಮಾಸ್ಕೋ ಮುಟ್ಟಲಾರದೆ ನಮ್ಮ ಹಳ್ಳಿಯ ಮೂಲಕವೇ ಹಿಂದೆ ಸರಿದರು. ಬಂದೂಕೂ ಇಲ್ಲದ ಒಬ್ಬ ಎಳೆಯ ಸೈನಿಕ ನಮ್ಮ ಬಾಗಿಲಲ್ಲಿ ಕಾಲು ಬಡಿದು ಹಿಮ ಕೊಡವಿ, ಮನೆ ಬೆಚ್ಚಗಿಡುವ ದೊಡ್ಡ ಇಟ್ಟಿಗೆ ಒಲೆಯ ಮೇಲಿಟ್ಟಿದ್ದ ನನ್ನಣ್ಣ ಯೆಗೋರನ ಉಣ್ಣೆಬೂಟಿನತ್ತ ಕೈ ಚಾಚಿದ.

"ಕೊಟ್ಬಿಡಮ್ಮಾ, ಸತ್ತುಹೋಗ್ತಾನೆ," ಎಂದೆ.

"ಯುದ್ಧದಿಂದ ಬಂದ್ಮೇಲೆ ಯೆಗೋರ ಏನ್ ಹಾಕ್ಕೋಬೇಕೇ, ನಿನ್ನ ತಲೆನಾ?" ಎಂದು ಅಮ್ಮ ಬಾಗಿಲು ಹಾಕಿದಳು.

ಬೆಳಿಗ್ಗೆ ಅವನು ಬೇಲಿಗೊರಗಿ ಸೆಟೆದಿದ್ದ. ಯುದ್ಧ ಮುಗಿದ ಮೇಲೆ ಯೆಗೋರನೂ ಬರಲಿಲ್ಲ.

ಆಮೇಲೆ ಪ್ರತಿವರ್ಷ ಮೊದಲ ಹಿಮ ಬಿದ್ದ ಸಂಜೆ ಹೊರಗೆ ಕಾಲು ಬಡಿಯುವ ಸದ್ದು ಕೇಳುತ್ತಿತ್ತು. ಹಿಮದ ಮೇಲೆ ಹೆಜ್ಜೆಗುರುತು ಇರುತ್ತಿರಲಿಲ್ಲ. ಉರಿಯುವ ಒಲೆಯ ಮೇಲಿದ್ದರೂ ಬೂಟಿನೊಳಗೆ ಮಂಜುಗಟ್ಟಿರುತ್ತಿತ್ತು.

ನಮ್ಮಲ್ಲಿ ಹೊಸ್ತಿಲ ಮೇಲಿಂದ ಏನನ್ನೂ ಕೊಡಬಾರದು, ಅಪಶಕುನ. ಒಂದು ವರ್ಷ ಅಮ್ಮ ತಾನೇ ಹೊರಗಿಳಿದು ಬೂಟನ್ನು ಹಿಮದ ಮೇಲಿಟ್ಟು, "ಹಾಕ್ಕೋ ಮಗಾ," ಎಂದಳು. ಯಾವ ಮಗನಿಗೆ ಹೇಳಿದಳೋ ತಿಳಿಯದು.

ಬೆಳಿಗ್ಗೆ ಬೂಟು ಅಲ್ಲೇ ಇತ್ತು. ಕೈ ಹಾಕಿ ನೋಡಿದೆ. ಒಳಗೆ ಬೆಚ್ಚಗಿತ್ತು.