ದೀಪ ಆರಿಸಬೇಡಿ, ಮೇಡಂ

ಅಂಗಡಿಯವನು ದೀಪ ಆರಿಸಿದ್ದೇ ತಡ, ಅವಳ ಎದೆ ಡವಡವ ಹೊಡೆದುಕೊಳ್ಳತೊಡಗಿತು.

ಲೈಬ್ರರಿಯ ಹಳೆಯ ಪ್ರೊಜೆಕ್ಟರ್ ಕೈಕೊಟ್ಟಿತ್ತು. ಪ್ರತಿ ಶನಿವಾರ ಅಲ್ಲಿ ಸ್ಲೈಡ್ ಶೋ ನಡೆಸುವವರು ಇವರಿಬ್ಬರೇ. ಫೋಟೊ ತೆಗೆಯುವುದು ಹತ್ತಿರದ ಶಾಲೆಯ ಭೂಗೋಳದ ಮೇಷ್ಟ್ರು, ಜನರನ್ನು ಸೇರಿಸಿ ಕೂರಿಸುವುದು ಲೈಬ್ರರಿ ಮೇಡಂ, ಅಂದರೆ ನಮ್ಮ ಹುಡುಗಿ. ಹುಡುಗಿ ಅಂದೆ... ಮೂವತ್ತಾರು ದಾಟಿದೆ, ಇರಲಿ ಬಿಡಿ!

ಹೊಸ ಪ್ರೊಜೆಕ್ಟರ್ ಕೊಳ್ಳಲು ಇಬ್ಬರೂ ಅಂಗಡಿಗೆ ಬಂದಿದ್ದರು. ಗೋಡೆಯ ಮೇಲೆ ಮೇಷ್ಟ್ರು ತೆಗೆದ ನದಿಯ ಫೋಟೊ ಮೂಡಿತು. ಮೆಷಿನ್ನಿನ ಫ್ಯಾನು ಗುಂಯ್ ಎನ್ನುತ್ತಿತ್ತು. ಅಂಗಡಿಯವನು ಬೇರೆ ಗಿರಾಕಿಯ ಕಡೆ ಹೋದ. ಬೆಳಕಿನಲ್ಲಿ ಹೇಳುವ ಧೈರ್ಯ ಅವಳಿಗೆಲ್ಲಿತ್ತು? ಇಂಥ ಕತ್ತಲು ಮತ್ತೆ ಸಿಗೋದಿಲ್ಲ ಅಂತ ಮನಸ್ಸು ಗಟ್ಟಿ ಮಾಡಿಕೊಂಡಳು.

"ನನಗೆ ಬೇರೆ ಊರಿಗೆ ವರ್ಗ ಆಗಿದೆ... ಬೇಡ ಅನ್ನೋಕೆ ತಿಂಗಳ ಕೊನೆವರೆಗೂ ಟೈಮಿದೆ. ನೀವು ಇರಿ ಅಂದ್ರೆ ಇರ್ತೀನಿ."

ಮೇಷ್ಟ್ರು ಗೋಡೆಯ ಮೇಲಿನ ನದಿಯನ್ನೇ ನೋಡುತ್ತಾ ಕೂತಿದ್ದರು. ಆಮೇಲೆ ಎದ್ದು ಹೋಗಿ, ತಾವೇ ದೀಪ ಹಾಕಿ, ಇದು ಬೇಡ, ದೀಪ ಉರಿಯುತ್ತಿದ್ದರೂ ಚಿತ್ರ ಚೆನ್ನಾಗಿ ಕಾಣುವಂಥದ್ದು ತೋರಿಸಿ ಎಂದು ಅಂಗಡಿಯವನನ್ನು ಕರೆದರು.

ಅಷ್ಟೇ! ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವಳಿಗೆ.

ಮೇಷ್ಟ್ರು ಹೇಳಿದ್ದನ್ನೇ ಕೊಂಡರು. ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಅದೇ ಕೊರೆಯುತ್ತಿತ್ತು. ಬೇಡ ಅನ್ನೋಕೂ ಒಂದು ಮಾತು ಬೇಡವೇ? ಕತ್ತಲಲ್ಲಿ ಪಕ್ಕ ಕೂತರೆ ಜನ ಏನಂದುಕೊಳ್ಳುತ್ತಾರೋ ಅಂತ ಹೆದರಿಕೆಯೇ? ಹಾಗಿದ್ದರೆ ಇಷ್ಟು ದಿನ ನಾನು ಮಾತಾಡುವಾಗ ಕಣ್ಣು ಕೀಳದೆ ನನ್ನ ಮುಖವನ್ನೇ ಯಾಕೆ ನೋಡಬೇಕಿತ್ತು? ಆ ನೋಟಕ್ಕೇ ಅಲ್ಲವೇ ನಾನು ಮರುಳಾದದ್ದು...

ಫೋನಿನಲ್ಲಿ ಅಕ್ಕನ ಹತ್ತಿರ ಹೇಳಿಕೊಂಡು ಅತ್ತಳು. ಅಂಥವನ ಹಂಗ್ಯಾಕೆ, ಹೊರಟುಬಿಡು ಅಂದಳು ಅಕ್ಕ. ಇವಳೂ ಹೂಂಗುಟ್ಟಿದಳು.

ಶುಕ್ರವಾರ ಸಂಜೆ ಲೈಬ್ರರಿಯ ಹಾಲಿನಲ್ಲಿ ಮೇಷ್ಟ್ರು ಹೊಸ ಪ್ರೊಜೆಕ್ಟರ್ ಜೋಡಿಸುತ್ತಿದ್ದರು. ಅವರ ಬೆನ್ನ ಹಿಂದೆ ಅವಳು ಕುರ್ಚಿಗಳನ್ನು ಸಾಲಾಗಿ ಇಡುತ್ತಿದ್ದಳು. ಕೊನೆಗೂ ತಡೆಯಲಾಗಲಿಲ್ಲ. ನಾಳೆಯದೇ ನನ್ನ ಕೊನೆಯ ಶೋ, ನಿಮಗೇನೂ ಅನ್ನಿಸೋದಿಲ್ಲವೇ ಎಂದು ಕೇಳಿದಳು. ಮತ್ತೆ ಕೇಳಿದಳು. ಮೇಷ್ಟ್ರು ವೈರು ಸಿಕ್ಕಿಸುತ್ತಲೇ ಇದ್ದರು. ಅವಳಿಗೆ ರೇಗಿಹೋಯಿತು. ದಡದಡನೆ ಬಂದು ಎದುರಿಗೆ ನಿಂತಳು.

"ಎಷ್ಟು ಸಲ ಕೇಳ್ಬೇಕು ನಿಮ್ಮನ್ನ? ಕಿವುಡ್ರಾ ನೀವು?"

ಅವರ ಕೈ ನಿಂತಿತು.

"ಹೌದು."

ಮೇಷ್ಟ್ರು ತಲೆ ತಗ್ಗಿಸಿ ಹೇಳುತ್ತಾ ಹೋದರು. ಎರಡು ವರ್ಷದಿಂದ ಕಿವಿ ಮಂದವಾಗುತ್ತಾ ಬಂದಿದೆಯಂತೆ. ಎದುರಿಗಿದ್ದವರ ತುಟಿ ನೋಡಿ ಹೇಗೋ ನಿಭಾಯಿಸುತ್ತಿದ್ದಾರಂತೆ. ಶಾಲೆಯವರಿಗೆ ತಿಳಿದರೆ ಪಾಠ ತಪ್ಪಿಸಿ ಮೂಲೆಯಲ್ಲಿ ಕೂರಿಸಿಬಿಡುತ್ತಾರೆ ಅಂತ ಯಾರ ಮುಂದೆಯೂ ಬಾಯಿಬಿಟ್ಟಿಲ್ಲ. ಇವಳಿಗೆ ತಿಳಿದರೆ ಅಯ್ಯೋ ಪಾಪ ಅಂದುಬಿಡುತ್ತಾಳೇನೋ ಅನ್ನೋ ಹೆದರಿಕೆ ಅದಕ್ಕಿಂತ ಹೆಚ್ಚು.

"ಕತ್ತಲಲ್ಲಿ ನೀವು ಮಾತಾಡಿದ್ರೆ ನನಗೇನೂ ತಿಳಿಯಲ್ಲ. ದೀಪ ಆರಿಸದೇ ನಡೆಯೋ ಮೆಷಿನ್ನು ಬೇಕಿತ್ತು, ಅದಕ್ಕೇ."

ಅಯ್ಯೋ... ಹಾಗಾದರೆ ಅವತ್ತು ಹೇಳಿದ್ದು ಇವರಿಗೆ ಮುಟ್ಟಲೇ ಇಲ್ಲ! ಆ ಸಮಾಧಾನದ ಬೆನ್ನಿಗೇ ಇನ್ನೊಂದು ಸಂಕಟ ಎದ್ದಿತು.

"ಹಾಗಾದ್ರೆ ನನ್ನ ಮುಖ ನೋಡ್ತಿದ್ದದ್ದು... ಬರೀ ಮಾತು ತಿಳಿಯೋಕಾ?"

"ಮೊದಮೊದಲು ಅದಕ್ಕೇ. ಆಮೇಲೆ ನೀವು ಸುಮ್ಮನೆ ಕೂತಿದ್ದಾಗಲೂ ನೋಡ್ತಿದ್ದೆ. ನಿಮಗೆ ಗೊತ್ತಾಗಿಲ್ಲ ಅಷ್ಟೆ."

ಅವಳ ಕಣ್ಣು ತುಂಬಿ ಬಂತು. ಹಾಲಿನ ದೀಪಗಳೆಲ್ಲ ಉರಿಯುತ್ತಿದ್ದವು, ಮುಖ ಬಚ್ಚಿಟ್ಟುಕೊಳ್ಳಲು ಎಲ್ಲೂ ಜಾಗವಿರಲಿಲ್ಲ. ಅವರ ಮುಂದೆ ಇನ್ನೂ ಹತ್ತಿರ ನಿಂತು, ಅಂಗಡಿಯಲ್ಲಿ ಹೇಳಿದ್ದನ್ನು ಮೊದಲಿಂದ ಬಿಡಿಸಿ ಬಿಡಿಸಿ ಹೇಳಿದಳು.

ಮೇಷ್ಟ್ರು ಕೈಯಲ್ಲಿದ್ದ ವೈರನ್ನು ಕೆಳಗಿಟ್ಟರು.

"ಹೋಗ್ಬೇಡಿ. ನನ್ನ ಜೊತೆ ಇಲ್ಲೇ ಇರಿ... ಇನ್ನೊಂದ್ಸಲ ಹೇಳಿ."

"ಯಾಕೆ, ತಿಳೀಲಿಲ್ವಾ?"

"ತಿಳೀತು. ಅದಕ್ಕೇ."