ಬೇಸಿಗೆಯ ಮುಸುಕು

ಬಿಳಿ ಮುಸುಕು ಕೆಳಗೆ ಬಿತ್ತು. ಹಜಾರದ ಗೋಡೆಯ ಮೇಲೆ ಚಿನ್ನದ ಬಣ್ಣದ ಚೌಕಟ್ಟಿತ್ತು. ಒಳಗೆ ಚಿತ್ರವಿರಲಿಲ್ಲ.

ಹ್ಯಾಸ್ಕಲ್ ಡನವೇ ಕತ್ತರಿ ಹಿಡಿದು ಹಾಗೇ ನಿಂತ. ಗುಲಾಮಗಿರಿಯ ಕಾಲದಲ್ಲಿ ಮಿಸಿಸಿಪ್ಪಿ ದಂಡೆಯ ಈ ಮನೆ ಕಟ್ಟಿಸಿದ ಅವನ ಪೂರ್ವಜ ಆಬ್ಸಲಮ್, ಹೆಂಡತಿಯೊಡನೆ ಕುಳಿತ ಚಿತ್ರ ಅದರಲ್ಲಿರಬೇಕಿತ್ತು. ನೊಣ ಕೂತು ಕಲೆಯಾಗದಿರಲೆಂದು ಬೇಸಿಗೆಯಲ್ಲಿ ಚಿತ್ರ, ಕನ್ನಡಿಗಳಿಗೆಲ್ಲ ಮುಸುಕು ಹಾಕುತ್ತಾರೆ. ಚಳಿಗೆ ಮುಂಚೆ ತೆಗೆಯುತ್ತಾರೆ.

ಪೊಲೀಸ್ ಅಧಿಕಾರಿ ಒಡೆಸ್ಸಾ ಟಿಲರಿ ಬಂದಳು. ಹ್ಯಾಸ್ಕಲ್ ಕೂಡಲೇ ಬಡಗಿ ಲೆಮ್ಯುಯಲ್‌ನ ಹೆಸರು ಹೇಳಿದ. ಲೆಮ್ಯುಯಲ್‌ನ ಹಿರಿಯರು ಇದೇ ಮನೆಯ ಗುಲಾಮರಾಗಿದ್ದವರು. ಆಗಸ್ಟಿನಲ್ಲಿ ಹ್ಯಾಸ್ಕಲ್ ದಂಪತಿ ಊರಲ್ಲಿಲ್ಲದಾಗ ಹಜಾರದಲ್ಲಿ ಕೆಲಸ ಮಾಡಿದ್ದವನು ಅವನೊಬ್ಬನೇ. ಹ್ಯಾಸ್ಕಲ್‌ನ ಹೆಂಡತಿ ಕೊರಿನ್ ಕಾಫಿ ಇಟ್ಟು ಕಿಟಕಿಯತ್ತ ತಿರುಗಿದಳು.

*

ಒಡೆಸ್ಸಾಗೆ ತಲೆಬುಡ ತಿಳಿಯಲಿಲ್ಲ. ಕಿಟಕಿಯ ಚಿಲಕ ಮುರಿದಿತ್ತು, ಆದರೆ ಅದು ಮುರಿದು ವರ್ಷಗಳಾಗಿದ್ದವು. ಲೆಮ್ಯುಯಲ್‌ನ ಮರಗೆಲಸದ ಕೊಟ್ಟಿಗೆಯಲ್ಲಿ ಹಲಗೆ ಬಿಟ್ಟರೆ ಬೇರೇನೂ ಸಿಗಲಿಲ್ಲ. ಬೆಲೆಬಾಳುವ ಚೌಕಟ್ಟು ಬಿಟ್ಟು ಚಿತ್ರವನ್ನಷ್ಟೇ ಒಯ್ಯುವ ಕಳ್ಳ ಎಂಥವನು?

"ಜೈಲಿಗೆ ಹಾಕೋದಾದ್ರೆ ಹಾಕಮ್ಮ," ಎಂದ ಲೆಮ್ಯುಯಲ್. "ಆ ಬಟ್ಟೆ ನಾನು ಮುಟ್ಟಿಲ್ಲ. ಆ ಮುದುಕನ ಮುಖ ನೋಡ್ಬೇಕು ಅಂತ ನನಗೇನು ಆಸೆ?"

ಅವನು ಗರಗಸ ಎತ್ತಿಕೊಂಡು ಹಲಗೆಯತ್ತ ತಿರುಗಿದ. ಭಯವೋ ಕೋಪವೋ ಅವಳಿಗೆ ಗೊತ್ತಾಗಲಿಲ್ಲ.

*

ಒಡೆಸ್ಸಾ ಮತ್ತೆ ಹ್ಯಾಸ್ಕಲ್‌ನ ಮನೆಗೆ ಹೋದಳು. ಹಜಾರದ ಕನ್ನಡಿಗೆ ಇನ್ನೂ ಮುಸುಕಿತ್ತು. ಸುಮ್ಮನೆ ಅದರ ಹಿಂಬದಿ ನೋಡಿದಳು. ಬಟ್ಟೆಯನ್ನು ಹಿಂದಕ್ಕೆ ಎಳೆದು ಒತ್ತಾಗಿ ಹೊಲೆಯಲಾಗಿತ್ತು.

"ಚಿತ್ರದ ಮುಸುಕೂ ಹೀಗೇ ಇತ್ತಾ ಸರ್?"

"ಹೂಂ. ಕತ್ತರಿಸೋಷ್ಟರಲ್ಲಿ ಬೆರಳು ನೊಂದೋಯ್ತು."

"ಬೇರೆ ಯಾರಾದ್ರೂ ಬಿಚ್ಚಿ ಮತ್ತೆ ಹೊಲೆದಿದ್ರೆ?"

"ಅದು ಕೊರಿನ್‌ಗೆ ಅವಳಮ್ಮ ಕಲಿಸಿದ ಹೊಲಿಗೆ. ಇನ್ನೊಬ್ರ ಕೈ ಬಿದ್ದಿದ್ರೆ ನನಗೆ ಗೊತ್ತಾಗ್ತಿತ್ತು." ಹ್ಯಾಸ್ಕಲ್ ಬಾಗಿಲಲ್ಲಿ ನಿಂತಿದ್ದ ಕೊರಿನ್‌ಳತ್ತ ತಿರುಗಿದ.

ಒಡೆಸ್ಸಾ ಮೆಲ್ಲಗೆ ಬಿಡಿಸಿ ಹೇಳಿದಳು. ಹೊಲಿಗೆ ಬಿಚ್ಚದೆ ಚಿತ್ರ ತೆಗೆಯಲಾಗದು. ಹ್ಯಾಸ್ಕಲ್ ಕತ್ತರಿಸುವವರೆಗೆ ಹೊಲಿಗೆಯನ್ನು ಯಾರೂ ಬಿಚ್ಚಿರಲಿಲ್ಲ. ಅಂದರೆ ಮುಸುಕು ಹಾಕುವಾಗಲೇ ಚೌಕಟ್ಟು ಖಾಲಿಯಿತ್ತು. ಆಗಸ್ಟಿನಲ್ಲಿ ಲೆಮ್ಯುಯಲ್‌ಗೆ ಕದಿಯಲು ಅಲ್ಲಿ ಚಿತ್ರವೇ ಇರಲಿಲ್ಲ. ಅದು ಗೊತ್ತಿದ್ದದ್ದು ಹೊಲೆದವರಿಗೆ ಮಾತ್ರ.

ಕೊರಿನ್ ಮಹಡಿಗೆ ಹೋಗಿ, ಸುರುಳಿ ಸುತ್ತಿದ ಚಿತ್ರವನ್ನು ತಂದು ಮೇಜಿನ ಮೇಲೆ ಬಿಡಿಸಿದಳು. ವಸಂತದಲ್ಲಿ ಅವಳು ಒದ್ದೆ ಹತ್ತಿಯಿಂದ ಒರೆಸುವಾಗ, ಹಿಂದೆ ಯಾರೋ ಮೂಲೆಗೆ ಬಳಿದಿದ್ದ ಕಂದು ಬಣ್ಣ ಕಿತ್ತುಬಂದಿತ್ತು. ಅದರಡಿ ಮೂರನೆಯ ಮುಖ. ದಂಪತಿಯ ಹಿಂದೆ ನಿಂತ ಕಪ್ಪು ಹುಡುಗಿ. ಗದ್ದದ ಕುಳಿ ಆಬ್ಸಲಮ್‌ನದು, ಹ್ಯಾಸ್ಕಲ್‌ನದು. ಹಣೆ, ಕಣ್ಣು ಥೇಟ್ ಲೆಮ್ಯುಯಲ್.

"ನಿನಗೆ ಆಗಷ್ಟೇ ಎದೆ ಆಪರೇಷನ್ ಆಗಿತ್ತು," ಎಂದಳು ಗಂಡನಿಗೆ. "ಲೆಮ್ಯುಯಲ್ ನಿನ್ನದೇ ರಕ್ತ ಅಂತ ಗೊತ್ತಾದ್ರೆ ತಡ್ಕೊಳ್ಳಲ್ಲ ಅನ್ಕೊಂಡೆ."

"ಲೆಮ್ಯುಯಲ್ ಹೆಸರು ಹೇಳಿದಾಗ ಯಾಕೆ ಸುಮ್ಮನಿದ್ರಿ?" ಒಡೆಸ್ಸಾ ಕೇಳಿದಳು.

ಕೊರಿನ್ ಮತ್ತೆ ಸುರುಳಿಯಾಗುತ್ತಿದ್ದ ಚಿತ್ರದ ಅಂಚನ್ನು ಅಂಗೈಯಿಂದ ಒತ್ತಿ ಹಿಡಿದಳು.

*

ಸಂಜೆ ಲೆಮ್ಯುಯಲ್‌ನನ್ನು ಕರೆಸಿದರು. ಹ್ಯಾಸ್ಕಲ್ ಕ್ಷಮೆ ಕೇಳಿದ. ಲೆಮ್ಯುಯಲ್ ಅದನ್ನು ಕೇಳಿಸಿಕೊಂಡನೋ ಇಲ್ಲವೋ. ಅವನ ಕಣ್ಣು ಚಿತ್ರ ಬಿಟ್ಟು ಕದಲಲಿಲ್ಲ.

"ಇವಳ ಹೆಸರೇನು ಸಾಹೇಬ್ರೇ?"

ಹ್ಯಾಸ್ಕಲ್‌ಗೆ ಗೊತ್ತಿರಲಿಲ್ಲ. ಹೆಂಡತಿಯತ್ತ ನೋಡಿದ. ಅವಳಿಗೂ ಗೊತ್ತಿರಲಿಲ್ಲ.

ಲೆಮ್ಯುಯಲ್ ರೇಷ್ಮೆ ಹೊದಿಕೆಯ ಕುರ್ಚಿ ಎಳೆದುಕೊಂಡು ಕುಳಿತ.

"ಹುಡುಕು ಹ್ಯಾಸ್ಕಲ್," ಎಂದ. "ನಾನು ಕಾಯ್ತೀನಿ."