ಉತ್ತುಂಗರಾಯನ ಹೊನ್ನಕಂಬ

ಊರ ಕೆರೆಗೆ ವಿಷ ಬಿತ್ತು. ಅದೇ ದಿನ ರಾಜ ಊರಿಗೆಲ್ಲ ಸಕ್ಕರೆ ಹಂಚಿದ. ಏನು ನಡೆದಿರಬಹುದು, ಊಹಿಸಿ ನೋಡೋಣ. ರಾಜನಿಗೆ ಹುಚ್ಚು ಹಿಡಿದಿತ್ತು ಅಂದಿರಾ? ಇಲ್ಲ ಸ್ವಾಮಿ, ಬುದ್ಧಿ ನೆಟ್ಟಗೇ ಇತ್ತು. ತೊಂದರೆ ಆದದ್ದೇ ಅದರಿಂದ.

ಬಹಳ ಹಿಂದೆ, ಏಳು ಬೆಟ್ಟಗಳ ಆಚೆ, ಮೇರುವತಿ ಎಂಬ ರಾಜ್ಯವಿತ್ತು. ಅದರ ದೊರೆ ಉತ್ತುಂಗರಾಯ. ಕೆಟ್ಟವನೇನಲ್ಲ, ಆದರೆ ತನ್ನ ರಾಜ್ಯ ಬೆಳೆಯುವುದನ್ನು ದಿನವೂ ಕಣ್ಣಾರೆ ಕಾಣಬೇಕೆಂಬ ಚಪಲ. ಆ ಚಪಲದ ವಾಸನೆ ಹಿಡಿದೇ ಕಂಟಕಾಕ್ಷನೆಂಬ ಮಾಂತ್ರಿಕ ಬಂದ. ಕೋಟೆಯ ನಡುವೆ ಒಂದು ಹೊನ್ನಕಂಬ ನೆಟ್ಟ. ರಾಜ್ಯದಲ್ಲಿ ಏನು ಮಾರಾಟವಾದರೂ ಕಂಬ ಒಂದು ಎಳ್ಳಿನಷ್ಟು ಏರುವುದು. ಕಂಬ ಏರಿದರೆ ರಾಜ್ಯ ಏರಿತೆಂದು ತಿಳಿಯಬೇಕು. ರಾಜ ನಂಬಿದ.

ಕೆರೆ ಕೆಟ್ಟಿತು. ಜನ ನೀರು ಕೊಂಡರು, ಕಂಬ ಏರಿತು. ಕೆಟ್ಟ ನೀರಿನಿಂದ ಜ್ವರ ಬಂತು. ಜನ ಔಷಧಿ ಕೊಂಡರು, ಕಂಬ ಏರಿತು. ಸತ್ತವರ ಚಟ್ಟಕ್ಕೆ ಬಿದಿರು ಕೊಂಡರು, ಆಗಂತೂ ಕಂಬ ಚಂಗನೆ ಏರಿತು. ಏರಿದಾಗಲೆಲ್ಲ ರಾಜ ಸಕ್ಕರೆ ಹಂಚಿದ. ಆ ಸಕ್ಕರೆಯನ್ನೂ ಕೊಂಡೇ ತರಬೇಕಲ್ಲ, ಅದಕ್ಕೂ ಒಂದು ಎಳ್ಳಿನಷ್ಟು ಏರಿತು.

ಆದರೆ ಕೇರಿಗಳಲ್ಲಿ ಒಂದು ಹಳೆಯ ರೂಢಿ. ಮೊಸರಿಗೆ ಹೆಪ್ಪು ಬೇಕಾದರೆ ಪಕ್ಕದ ಮನೆ. ಒಲೆಗೆ ಕೆಂಡ ಬೇಕಾದರೆ ಎದುರು ಮನೆ. ಇವತ್ತು ನಿನ್ನ ಮನೆಗೆ ನಾನು ಹುಲ್ಲು ಹೊದಿಸಿದರೆ, ನಾಳೆ ನನ್ನ ಮನೆಗೆ ನೀನು. ಇದರಿಂದ ಕಂಬ ಕೂದಲಿನಷ್ಟೂ ಏರುತ್ತಿರಲಿಲ್ಲ. ಇದು ರಾಜ್ಯಕ್ಕೆ ಬಗೆದ ದ್ರೋಹವೆಂದು ಕಂಟಕಾಕ್ಷ ರಾಜನ ಕಿವಿಯೂದಿದ. ಡಂಗುರ ಸಾರಿತು: ಇನ್ನು ಯಾರೂ ಏನನ್ನೂ ಪುಕ್ಕಟೆ ಕೊಡಕೂಡದು. ಮನೆ ಮನೆಯ ಸೂರಿನ ಮೇಲೂ ಒಂದೊಂದು ಕಬ್ಬಿಣದ ಗಿಡುಗ ಬಂದು ಕೂತಿತು. ಪುಕ್ಕಟೆ ಕೊಟ್ಟ ಕೈ ಕಂಡರೆ ಅದು ಕೂಗುವುದು, ಭಟರು ಬಂದು ಎಳೆದೊಯ್ಯುವರು.

ಆ ಊರಿನಲ್ಲಿ ಬುಟ್ಟಿ ಹೆಣೆಯುವ ಗುರುವಣ್ಣ ಎಂಬ ತರುಣನಿದ್ದ. ಅವನ ತಂಗಿ ಪುಟ್ನಂಜಿ ಬಾಣಂತಿ. ಗಂಡ ಜ್ವರಕ್ಕೆ ಹೋದ; ಈಗ ಅವಳಿಗೂ ಜ್ವರ ಬಂದು ಎದೆಹಾಲು ಬತ್ತಿತು. ಹಾಲು ಕೊಳ್ಳೋಣವೆಂದರೆ ಮನೆಯಲ್ಲಿದ್ದುದೆಲ್ಲ ನೀರಿಗೇ ಖರ್ಚಾಗಿತ್ತು. ಗೋಡೆಯ ಆಚೆ ದೊಡ್ಡತಾಯಮ್ಮ, ಅವಳೂ ಹಸಿ ಬಾಣಂತಿ. ಈಚೆ ಮಗು ಅತ್ತರೆ ಆಚೆ ಅವಳ ರವಿಕೆ ಒದ್ದೆಯಾಗುತ್ತಿತ್ತು.

"ಗಿಡುಗ ಕೂತದೆ ಕಣಪ್ಪ ತಮ್ಮ," ಎಂದಳು ಅವಳು. "ನನ್ನ ಹಿಡ್ಕೊಂಡು ಹೋದ್ರೆ ನನ್ನ ಕೂಸಿಗ್ಯಾರು?"

ಕಂಬ ಬಿದ್ದರೆ ಗಿಡುಗಗಳೂ ಬೀಳುತ್ತವೆಂದು ಗುರುವಣ್ಣ ಕೋಟೆಗೆ ಹೊರಟ.

ಮೊದಲ ಬಾಗಿಲಲ್ಲಿ ಕಂಚಿನ ಆನೆ, ಅದರ ಕಾಲಿನ ತುಂಬ ಮುಳ್ಳು. ದಿನವೆಲ್ಲ ಕೂತು ಒಂದೊಂದೇ ಕಿತ್ತ. "ಬೆಲೆ ಎಷ್ಟು?" ಎಂದಿತು ಆನೆ. "ಬೆಲೆ ಇಲ್ಲ," ಎಂದ. ಬೆಲೆಯಿಂದಲೇ ನಿಂತಿದ್ದ ಆನೆ ಹೊಗೆಯಾಗಿ ಹೋಯಿತು.

ಎರಡನೆಯ ಬಾಗಿಲಲ್ಲಿ ಏಳು ಹೆಡೆಯ ಹಾವು, ಹದಿನಾಲ್ಕು ಕಣ್ಣಿಗೂ ಪೊರೆ. ಮರುದಿನವೆಲ್ಲ ಕೂತು ಒಂದೊಂದೇ ಪೊರೆ ಬಿಡಿಸಿದ. "ಬೆಲೆ ಎಷ್ಟು?" ಎಂದಿತು ಹಾವು. "ಬೆಲೆ ಇಲ್ಲ," ಎಂದ. ಹಾವೂ ಹೊಗೆಯಾಯಿತು.

ಮೂರನೆಯ ಬಾಗಿಲಲ್ಲಿ ಕಂಟಕಾಕ್ಷನೇ ನಿಂತಿದ್ದ, ಕೈಯಲ್ಲಿ ತಂಬಿಗೆ ತುಂಬ ಹಾಲು. ಅದಕ್ಕೆ ಬದಲಾಗಿ ಬುಟ್ಟಿ ಹೆಣೆಯುವ ಎರಡೂ ಕೈ ಕೊಡು ಎಂದ. ಗುರುವಣ್ಣ ಒಂದು ಕ್ಷಣವೂ ಯೋಚಿಸದೆ ಕೈ ಚಾಚಿದ. ಅಷ್ಟು ಸುಲಭಕ್ಕೆ ಸಿಕ್ಕಿದ್ದು ನೋಡಿ ಮಾಂತ್ರಿಕನಿಗೆ ಆಸೆ ಹೆಚ್ಚಿತು.

"ಕೈ ಸಾಲದು. ಮಗುವಿನ ಬೆಲೆ ಎಷ್ಟು, ನೀನೇ ಹೇಳು."

ಗುರುವಣ್ಣ ಹೇಳಬೇಕೆಂದೇ ಬಾಯಿ ತೆರೆದ. ಎಷ್ಟು ಹುಡುಕಿದರೂ ಸಿಕ್ಕಲಿಲ್ಲ. "ಬೆಲೆ ಇಲ್ಲ," ಎಂದ.

ಕಂಟಕಾಕ್ಷ ನಿಂತಲ್ಲೇ ಬೂದಿಯಾದ. ತಂಬಿಗೆಯ ಹಾಲೂ ಬೂದಿಯಾಯಿತು. ಕಂಬ ಉರುಳಿತು, ಗಿಡುಗಗಳು ಸೂರಿನಿಂದ ತಪತಪನೆ ಉದುರಿದವು. ಗುರುವಣ್ಣ ಕೇರಿಗೆ ಓಡಿದ. ದೊಡ್ಡತಾಯಮ್ಮ ಅವನಿಗಿಂತ ಮೊದಲೇ ಗೋಡೆ ಹಾರಿ ಬಂದು, ಮಗುವನ್ನು ಎದೆಗೆ ಒತ್ತಿಕೊಂಡು ಕೂತಿದ್ದಳು. ಮಗು ಕುಡಿಯುತ್ತಿರಲಿಲ್ಲ.

ಕಂಬ ಬಿದ್ದದ್ದಕ್ಕೆ ಅಳುತ್ತ ರಾಜನೂ ಅಲ್ಲಿಗೆ ಬಂದ. ಪುಟ್ನಂಜಿ ಚಾಪೆಯಿಂದ ಏಳಲಿಲ್ಲ.

"ಕಂಬ ಎಷ್ಟುದ್ದ ಇತ್ತು ಬುದ್ಧಿ?"

"ನೂರೆಂಟು ಮೊಳ ಇತ್ತಮ್ಮ," ಎಂದ ರಾಜ ಬಿಕ್ಕುತ್ತ.

"ನನ್ ಮಗ ಒಂದೇ ಮೊಳ ಇದ್ದ."

ರಾಜನ ಅಳು ನಿಂತುಹೋಯಿತು.

ಆಮೇಲೆ ಮೇರುವತಿಯಲ್ಲಿ ಯಾರೂ ಕಂಬ ನೆಡಲಿಲ್ಲ. ವರ್ಷಕ್ಕೊಮ್ಮೆ ರಾಜನೇ ಕೇರಿ ಕೇರಿ ನಡೆದು ವಿಚಾರಿಸುತ್ತಿದ್ದ: ಕೆರೆಯ ನೀರು ಬೊಗಸೆಯಲ್ಲಿ ಕುಡಿಯುವಂತಿದೆಯೇ? ಹುಟ್ಟಿದ ಕೂಸುಗಳೆಲ್ಲ ಅಂಬೆಗಾಲಿಟ್ಟವೇ? ಹೆಪ್ಪು ಕೇಳಿದರೆ ಪಕ್ಕದ ಮನೆಯವರು ಕೊಡುತ್ತಾರೆಯೇ? ಹೌದೆಂದರೆ ಮಾತ್ರ ರಾಜ್ಯ ಬೆಳೆದಿದೆ ಎಂದು ಬರೆಸುತ್ತಿದ್ದ. ಕೆರೆ ತಿಳಿಯಾಯಿತು, ಜ್ವರ ಹೋಯಿತು, ಎಲ್ಲರೂ ಸುಖವಾಗಿದ್ದರು. ದೊಡ್ಡತಾಯಮ್ಮ ಒಬ್ಬಳು ಮಾತ್ರ ಆ ಗೋಡೆ ಕೆಡವಿಸಿದ ಮೇಲೂ ಅದಿದ್ದ ಜಾಗ ದಾಟುವಾಗ ಸುತ್ತಿ ಹೋಗುತ್ತಿದ್ದಳಂತೆ. ಗೋಡೆಯಾದರೂ ಎಷ್ಟು, ಸೊಂಟದೆತ್ತರ.

ಕಂಬ ಬಿದ್ದದ್ದು ಯಾವತ್ತು ಅಂದಿರಾ? ಶ್ರಾವಣ ಶುದ್ಧ ದ್ವಾದಶಿ, ಬುಧವಾರ. ಮಗು ಹುಟ್ಟಿ ಹನ್ನೆರಡನೆಯ ದಿನ, ಅದಕ್ಕೆ ಹೆಸರಿಡಬೇಕಾಗಿದ್ದ ದಿನ.